ಹೊರಗಿನವರಿಗೆ ಲೆಕ್ಕ ಕೊಡದ ಮಂಡಿ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಕಾಳುಕಡಿ ವ್ಯಾಪಾರದ ಒಂದು ಮನೆತನವಿದೆ. 2025ರ ಹಣಕಾಸು ವರ್ಷದಲ್ಲಿ ಅದರ ವಹಿವಾಟು 154 ಶತಕೋಟಿ ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು 13 ಲಕ್ಷ ಕೋಟಿ ರೂಪಾಯಿ, ಅಂದರೆ ಕರ್ನಾಟಕ ಸರ್ಕಾರದ ಒಂದು ವರ್ಷದ ಬಜೆಟ್ಟಿನ ಮೂರು ಪಟ್ಟು. 70 ದೇಶಗಳಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿದ ನೌಕರರು. ಇಷ್ಟೆಲ್ಲ ಇದ್ದರೂ ನ್ಯೂಯಾರ್ಕಿನಲ್ಲಾಗಲಿ ಮುಂಬೈಯಲ್ಲಾಗಲಿ ಇದರ ಒಂದೇ ಒಂದು ಷೇರು ಕೊಳ್ಳಲು ಸಿಗದು. ಮೂರು ತಿಂಗಳಿಗೊಮ್ಮೆ ಹೇಳುತ್ತಿದ್ದ ಲಾಭ ನಷ್ಟದ ಅಂಕಿಯನ್ನೂ 2020ರಲ್ಲಿ ನಿಲ್ಲಿಸಿಬಿಟ್ಟಿದೆ.

ಈ ಸಂಸ್ಥೆಯ ಹೆಸರು ಕಾರ್ಗಿಲ್. ಕರ್ನಾಟಕದ ಹಿರಿಯ ರೈತರಿಗೆ ಈ ಹೆಸರು ಹೊಸದಲ್ಲ. ಹಸಿರು ಶಾಲು ಹೊದ್ದವರು ತೊಂಬತ್ತರ ದಶಕದ ಆರಂಭದಲ್ಲಿ ಧಿಕ್ಕಾರ ಕೂಗಿದ ಹೆಸರು ಅದು. ಅವರ ಮೊಮ್ಮಕ್ಕಳು ಇಂದು ಜೆಮಿನಿ ಎಣ್ಣೆಯ ಪ್ಯಾಕೆಟ್ ಕತ್ತರಿಸುವಾಗ ಅದೇ ಮನೆಯ ಸರಕನ್ನು ಕೈಯಲ್ಲಿ ಹಿಡಿದಿರುತ್ತಾರೆ. 160 ವರ್ಷಗಳ ಹಿಂದೆ ಒಂದು ಮರದ ಗೋದಾಮಿನಿಂದ ಶುರುವಾದ ವ್ಯಾಪಾರ ಇಲ್ಲಿಯವರೆಗೆ ಹೇಗೆ ಬೆಳೆಯಿತು? ಇಷ್ಟು ಬೆಳೆದ ಮೇಲೂ ಒಂದೇ ಕುಟುಂಬದ ಹಿಡಿತದಲ್ಲಿ ಹೇಗೆ ಉಳಿಯಿತು? ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ. ಹೊರಗಿನವರಿಗೆ ಲೆಕ್ಕ ಒಪ್ಪಿಸಬೇಕಿಲ್ಲ ಎಂಬುದು ಈ ಮನೆಯ ದೊಡ್ಡ ಬಲ. ಅದರ ಮೇಲಿರುವ ದೊಡ್ಡ ಆಕ್ಷೇಪಣೆಯೂ ಅದೇ.

ಹಳಿ ಮುಗಿಯುವ ಊರು

1865. ಅಮೆರಿಕದ ಅಂತರ್ಯುದ್ಧ ಆಗಷ್ಟೇ ಮುಗಿದಿತ್ತು. ಸ್ಕಾಟ್ಲೆಂಡ್ ಮೂಲದ ಹಡಗಿನ ಕಪ್ತಾನನೊಬ್ಬನ ಮಗ, ಇಪ್ಪತ್ತರ ಆಸುಪಾಸಿನ ವಿಲಿಯಂ ವಾಲೇಸ್ ಕಾರ್ಗಿಲ್, ಅಯೋವಾ ರಾಜ್ಯದ ಕಾನೋವರ್ ಎಂಬ ಊರಿನಲ್ಲಿ ಕಾಳಿನ ಗೋದಾಮೊಂದನ್ನು ಹಿಡಿದರು. ಆ ಊರಿನ ವಿಶೇಷ ಒಂದೇ: ರೈಲು ಹಳಿ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಹಳಿಯ ಆಚೆಗೆ ಹೊಸದಾಗಿ ಉತ್ತ ಭೂಮಿ, ಗಾಡಿಯಲ್ಲಿ ಗೋಧಿ ಹೇರಿಕೊಂಡು ಬರುವ ರೈತರು. ಈಚೆಗೆ ಮಿಲ್ವಾಕಿ, ಶಿಕಾಗೊ, ಅಲ್ಲಿಂದಾಚೆ ಇಡೀ ಜಗತ್ತು.

ಹಳಿ ಮುಂದಕ್ಕೆ ಹೋದಂತೆ ಕಾರ್ಗಿಲ್ ಅಣ್ಣತಮ್ಮಂದಿರೂ ಮುಂದಕ್ಕೆ ಹೋದರು. ತಮ್ಮಂದಿರಾದ ಸ್ಯಾಮ್ ಮತ್ತು ಜೇಮ್ಸ್ ಜೊತೆಗೂಡಿದರು. 1870ರಲ್ಲಿ ಮಿನ್ನೆಸೋಟದ ಆಲ್ಬರ್ಟ್ ಲೀ, 1875ರಲ್ಲಿ ವಿಸ್ಕಾನ್ಸಿನ್ ರಾಜ್ಯದ, ಮಿಸಿಸಿಪ್ಪಿ ನದಿ ದಡದ ಲಾ ಕ್ರಾಸ್. ಒಂದೊಂದು ನಿಲ್ದಾಣದಲ್ಲಿ ಒಂದೊಂದು ಗೋದಾಮು. ಕಾನೋವರ್ ಕ್ರಮೇಣ ಪಾಳು ಬಿತ್ತು, ವ್ಯಾಪಾರ ಉಳಿಯಿತು. ಊರನ್ನು ನಂಬದೆ ದಾರಿಯನ್ನು ನಂಬಿದ ವ್ಯಾಪಾರ ಅದು.

ಆಗಿನ ಅಮೆರಿಕದಲ್ಲಿ ಕಾಳು ಕೂಡಿಡುವ ರೀತಿಯೇ ಬದಲಾಗಿತ್ತು. ಅದಕ್ಕೂ ಮೊದಲು ಕಾಳು ಚೀಲದಲ್ಲಿ, ಬೆನ್ನ ಮೇಲೆ ಸಾಗುತ್ತಿತ್ತು. 1840ರ ದಶಕದ ಆರಂಭದಲ್ಲಿ ಬಫಲೋ ನಗರದ ಜೋಸೆಫ್ ಡಾರ್ಟ್ ಎಂಬ ವ್ಯಾಪಾರಿ ಉಗಿಯಂತ್ರಕ್ಕೆ ಪಟ್ಟಿ ಕಟ್ಟಿ, ಪಟ್ಟಿಗೆ ಡಬ್ಬಿಗಳನ್ನು ಜೋಡಿಸಿ, ಹಡಗಿನ ಹೊಟ್ಟೆಯಿಂದ ಕಾಳನ್ನು ಎತ್ತಿ ಎತ್ತರದ ಕಣಜಕ್ಕೆ ಸುರಿಯುವ ಏರ್ಪಾಟು ಮಾಡಿದ. ಅದೇ ಎಲಿವೇಟರ್. ಒಮ್ಮೆ ಮೇಲೇರಿದ ಕಾಳು ತನ್ನ ಭಾರಕ್ಕೇ ಇಳಿದು ರೈಲಿನ ಡಬ್ಬಿ ಸೇರುತ್ತದೆ. ಹಮಾಲರ ಸೈನ್ಯ ಬೇಕಿಲ್ಲ. ಚೀಲ ಹೋದದ್ದೇ ತಡ, ಇದು ರಾಮನ ಗೋಧಿ, ಅದು ಭೀಮನ ಗೋಧಿ ಎಂಬ ಗುರುತೂ ಹೋಯಿತು. ಎಲ್ಲವೂ ಒಂದೇ ರಾಶಿ. ರೈತನ ಕೈಯಲ್ಲಿ ಉಳಿದದ್ದು ದರ್ಜೆ ಮತ್ತು ತೂಕ ಬರೆದ ರಸೀದಿ. ನಮ್ಮ ಬಯಲುಸೀಮೆಯ ಹಗೇವಿನಲ್ಲಿ ಜೋಳ ಹುಗಿದಿಟ್ಟವನಿಗೆ ಅದು ತನ್ನದೇ ಜೋಳ ಎಂಬ ಖಾತ್ರಿ ಇರುತ್ತಿತ್ತು. ಎಲಿವೇಟರ್ ಆ ಖಾತ್ರಿಯನ್ನು ಕಾಗದಕ್ಕೆ ವರ್ಗಾಯಿಸಿತು. ಕಾಗದವನ್ನು ಮಾರಬಹುದು, ಒತ್ತೆ ಇಡಬಹುದು, ಇನ್ನೂ ಬೆಳೆಯದ ಕಾಳಿನ ಮೇಲೂ ಬರೆಯಬಹುದು. ಶಿಕಾಗೊ ಬೋರ್ಡ್ ಆಫ್ ಟ್ರೇಡ್ ಮುಂಗಡ ವಹಿವಾಟಿನ ಕರಾರುಗಳಿಗೆ ಅಚ್ಚುಕಟ್ಟಾದ ನಿಯಮ ಹಾಕಿದ್ದೂ 1865ರಲ್ಲೇ.

ಈ ಮುಂಗಡ ವಹಿವಾಟು ಕಾಳಿನ ವ್ಯಾಪಾರಿಗೆ ಏಕೆ ಬೇಕು? ಲೆಕ್ಕ ಸರಳ. ಸುಗ್ಗಿಯಲ್ಲಿ ಕ್ವಿಂಟಲಿಗೆ 2,000 ರೂಪಾಯಿ ಕೊಟ್ಟು ಕಾಳು ತುಂಬಿಕೊಂಡ ವ್ಯಾಪಾರಿ ಆರು ತಿಂಗಳ ಬಳಿಕ ಮಾರಬೇಕು. ಅಷ್ಟರಲ್ಲಿ ಬೆಲೆ 1,700ಕ್ಕೆ ಇಳಿದರೆ ಮನೆ ಮುಳುಗಿತು. ಹಾಗಾಗಿ ಕೊಂಡ ದಿನವೇ ಅಷ್ಟೇ ಕಾಳನ್ನು ಆರು ತಿಂಗಳ ಮುಂದಿನ ಬೆಲೆಗೆ ಪೇಟೆಯಲ್ಲಿ ಮಾರಿಡುತ್ತಾನೆ. ಬೆಲೆ ಇಳಿದರೆ ಕಣಜದಲ್ಲಿ ಆದ ನಷ್ಟ ಪೇಟೆಯ ಕರಾರಿನಲ್ಲಿ ತುಂಬಿಬರುತ್ತದೆ. ಏರಿದರೆ ಕಣಜದ ಲಾಭ ಕರಾರಿನಲ್ಲಿ ಕರಗುತ್ತದೆ. ಬೆಲೆಯ ಏರಿಳಿತವನ್ನು ಹೀಗೆ ಕಟ್ಟಿಹಾಕಿದ ಮೇಲೆ ಅವನಿಗೆ ಉಳಿಯುವ ಸಂಪಾದನೆ ಬೇರೆ: ಊರಿನ ಬೆಲೆಗೂ ಬಂದರಿನ ಬೆಲೆಗೂ ಇರುವ ಅಂತರ, ಸುಗ್ಗಿಯ ಬೆಲೆಗೂ ಬೇಸಿಗೆಯ ಬೆಲೆಗೂ ಇರುವ ಅಂತರ, ಒಳ್ಳೆಯ ಕಾಳನ್ನೂ ಸಾಧಾರಣ ಕಾಳನ್ನೂ ಬೆರೆಸಿ ದರ್ಜೆ ಹೊಂದಿಸುವ ಜಾಣತನ. ಒಂದು ಬುಷೆಲ್ ಗೋಧಿಯ ಮೇಲೆ, ಅಂದರೆ ಸುಮಾರು 27 ಕಿಲೋ ಮೇಲೆ, ಸಿಗುವುದು ಚಿಲ್ಲರೆ ಕಾಸು. ಕೋಟಿ ಬುಷೆಲ್ ಸಾಗಿಸಿದರೆ ಮಾತ್ರ ಅದು ದುಡ್ಡು. ಹಾಗೆ ಸಾಗಿಸಬೇಕೆಂದರೆ ಯಾವ ಊರಲ್ಲಿ ಎಷ್ಟು ಬೆಳೆದಿದೆ, ಯಾವ ಬಂದರಿನಲ್ಲಿ ಎಷ್ಟು ಬೇಕಿದೆ ಎಂಬುದು ಇತರರಿಗಿಂತ ಮುಂಚೆ ಗೊತ್ತಿರಬೇಕು, ಗೊತ್ತಿದೆ ಎಂಬುದು ಇತರರಿಗೆ ಗೊತ್ತಾಗಬಾರದು. ಈ ಮನೆಯ ಮೌನ ಸ್ವಭಾವದಿಂದ ಬಂದದ್ದಲ್ಲ, ಕಸುಬಿನಿಂದ ಬಂದದ್ದು.

ಅಳಿಯ ಉಳಿಸಿದ ಮನೆ

ಲಾ ಕ್ರಾಸ್‌ನಲ್ಲಿ ನೆರೆಮನೆಯವರಾಗಿದ್ದ ಮ್ಯಾಕ್‌ಮಿಲನ್ ಕುಟುಂಬಕ್ಕೂ ಕಾರ್ಗಿಲ್ ಕುಟುಂಬಕ್ಕೂ 1895ರಲ್ಲಿ ನಂಟು ಬೆಳೆಯಿತು. ವಿಲಿಯಂ ಅವರ ಹಿರಿಯ ಮಗಳು ಎಡ್ನಾಳನ್ನು ಜಾನ್ ಮ್ಯಾಕ್‌ಮಿಲನ್ ಮದುವೆಯಾದರು. ಈ ಅಳಿಯ ಟೆಕ್ಸಸ್‌ನಲ್ಲಿ ಸ್ವಂತ ಕಾಳಿನ ವ್ಯಾಪಾರ ಮಾಡಿ ಕೈ ಸುಟ್ಟುಕೊಂಡವರು. ಕೊನೆಗೆ ಮಾವನ ಗೋದಾಮುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದರು. ಸಾಲದ ರುಚಿ ಕಂಡವರ ಎಚ್ಚರಿಕೆ ಅವರಲ್ಲಿತ್ತು.

ಆ ಎಚ್ಚರಿಕೆ ಬೇಕಾದ ದಿನ 1909ರಲ್ಲಿ ಬಂತು. ವಿಲಿಯಂ ಕಾರ್ಗಿಲ್ ತೀರಿಕೊಂಡರು. ಹಿರಿಯ ಮಗ ಮೊಂಟಾನ ರಾಜ್ಯದಲ್ಲಿ ನೀರಾವರಿ ಯೋಜನೆಯೊಂದಕ್ಕೆ ಮನೆಯ ಹಣ ಸುರಿದಿದ್ದರು. ಜೊತೆಗೆ ಮರದ ದಿಮ್ಮಿ, ರೈಲು, ಜಮೀನು ಎಂದು ಹಿರಿಯರು ಕೈ ಹಾಕಿದ್ದ ಹತ್ತಾರು ಉದ್ಯಮಗಳು. ಸಾವಿನ ಸುದ್ದಿ ಹಬ್ಬುತ್ತಿದ್ದಂತೆ ಸಾಲ ಕೊಟ್ಟವರು ಬಾಗಿಲಿಗೆ ಬಂದರು. ಮ್ಯಾಕ್‌ಮಿಲನ್ ಅವರನ್ನೆಲ್ಲ ಕೂರಿಸಿ ಕಾಲಾವಕಾಶ ಕೇಳಿದರು, ಬಾಂಡ್ ಬರೆದುಕೊಟ್ಟರು, ಕಾಳಿಗೆ ಸಂಬಂಧವಿಲ್ಲದ ಆಸ್ತಿಗಳನ್ನು ಒಂದೊಂದಾಗಿ ಮಾರಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಸಾಲ ತೀರಿತು. ಆದರೆ ತೀರಿದ ಸಾಲದೊಂದಿಗೆ ಅಧಿಕಾರವೂ ಕೈ ಬದಲಾಯಿಸಿತ್ತು. ಬೋರ್ಡಿನ ಮೇಲೆ ಕಾರ್ಗಿಲ್ ಎಂಬ ಹೆಸರು, ಗಲ್ಲಾಪೆಟ್ಟಿಗೆಯ ಬಳಿ ಮ್ಯಾಕ್‌ಮಿಲನ್. ಅಂದಿನಿಂದ ಇದು ಎರಡು ಕುಟುಂಬಗಳ ಒಂದು ಮನೆ.

ಅವಿಭಕ್ತ ಕುಟುಂಬದ ವ್ಯಾಪಾರ ಬಲ್ಲ ನಮ್ಮವರಿಗೆ ಇದು ಅಪರೂಪದ ಕಥೆಯಲ್ಲ. ಹುಬ್ಬಳ್ಳಿ, ದಾವಣಗೆರೆ, ಚಿಂತಾಮಣಿಯ ಹಳೆಯ ಮಂಡಿಗಳಲ್ಲೂ ಮಗ ಹಾಳುಮಾಡಿದ್ದನ್ನು ಅಳಿಯ ಉಳಿಸಿದ ಉದಾಹರಣೆ ಸಿಗುತ್ತದೆ. ವ್ಯತ್ಯಾಸ ಆಮೇಲಿನದು. ಸಾಮಾನ್ಯವಾಗಿ ಮೂರನೆಯ ತಲೆಮಾರಿಗೆ ಪಾಲು ಶುರುವಾಗುತ್ತದೆ. ಇಲ್ಲಿ ಪಾಲಾಗಲಿಲ್ಲ. ಲಾಭದ ಬಹುಭಾಗವನ್ನು ಹಂಚಿಕೊಳ್ಳದೆ ಮರಳಿ ವ್ಯಾಪಾರಕ್ಕೇ ಹಾಕುವ ಪದ್ಧತಿ ಗಟ್ಟಿಯಾಯಿತು. 1923ರಲ್ಲಿ ಮಿಲ್ವಾಕಿಯ ಒಂದು ಧಾನ್ಯ ಸಂಸ್ಥೆಯನ್ನು ಕೊಂಡಾಗ ಅದರ ಖಾಸಗಿ ತಂತಿ ಜಾಲವೂ ಇವರ ಪಾಲಾಯಿತು. ಬೆಲೆಯ ಸುದ್ದಿ ಇನ್ನು ಮುಂದೆ ಇವರದೇ ತಂತಿಯಲ್ಲಿ ಓಡಿತು.

ಪೇಟೆಯಿಂದ ಹೊರಗೆ

ಗುಟ್ಟು ಕಾಪಾಡುವವರ ಮೇಲೆ ಅನುಮಾನ ಬರುವುದು ಸಹಜ. 1936ರ ಬರದಲ್ಲಿ ಅಮೆರಿಕದ ಮೆಕ್ಕೆಜೋಳ ಒಣಗಿತು. ಮರುವರ್ಷ ಹಳೆ ಬೆಳೆಯ ದಾಸ್ತಾನು ತಳಕಂಡಿದ್ದಾಗ, ಸೆಪ್ಟೆಂಬರ್ ತಿಂಗಳ ಮೆಕ್ಕೆಜೋಳದ ಕರಾರುಗಳನ್ನು ಕಾರ್ಗಿಲ್ ದೊಡ್ಡ ಪ್ರಮಾಣದಲ್ಲಿ ಹಿಡಿದುಕೊಂಡಿತು. ಕಾಳು ಕೊಡುತ್ತೇವೆಂದು ಬರೆದುಕೊಟ್ಟವರಿಗೆ ಕೊಡಲು ಕಾಳಿಲ್ಲ. ಇದು ಪೇಟೆಯನ್ನು ಮುಷ್ಟಿಯಲ್ಲಿ ಹಿಡಿಯುವ ಹುನ್ನಾರ ಎಂದು ಶಿಕಾಗೊ ಬೋರ್ಡ್ ಆಫ್ ಟ್ರೇಡ್ ಆರೋಪಿಸಿತು. ಕರಾರುಗಳನ್ನು ಬಿಟ್ಟುಕೊಡಿ ಎಂದಿತು. ಆಗ ಚುಕ್ಕಾಣಿ ಹಿಡಿದಿದ್ದ ಅಳಿಯನ ಮಗ, ಕಿರಿಯ ಜಾನ್ ಮ್ಯಾಕ್‌ಮಿಲನ್, ಒಪ್ಪಲಿಲ್ಲ. 1938ರಲ್ಲಿ ಬೋರ್ಡ್ ಈ ಸಂಸ್ಥೆಯನ್ನು ಹೊರಹಾಕಿತು. ಮುಂದೆ ಎರಡು ದಶಕಕ್ಕೂ ಹೆಚ್ಚು ಕಾಲ ಕಾರ್ಗಿಲ್ ದಲ್ಲಾಳಿಗಳ ಮೂಲಕವೇ ಅಲ್ಲಿ ವ್ಯವಹರಿಸಿತು. ಮತ್ತೆ ಸದಸ್ಯತ್ವ ಪಡೆದದ್ದು 1962ರಲ್ಲಿ.

ಷೇರುದಾರರಿರುವ ಕಂಪನಿಯಾಗಿದ್ದರೆ ಅಂಥ ಅವಮಾನಕ್ಕೆ ಯಜಮಾನನ ತಲೆದಂಡವಾಗುತ್ತಿತ್ತು. ಇಲ್ಲಿ ಕೇಳುವವರು ಯಾರು? ಕಿರಿಯ ಜಾನ್ 1960ರಲ್ಲಿ ಸಾಯುವವರೆಗೂ ಮುಖ್ಯಸ್ಥರಾಗಿಯೇ ಇದ್ದರು. ತಮ್ಮದೇ ದೋಣಿ ಕಟ್ಟಿಸಿದರು. ಎರಡನೆಯ ಮಹಾಯುದ್ಧದಲ್ಲಿ ಸಮುದ್ರವೇ ಇಲ್ಲದ ಮಿನ್ನೆಸೋಟದಲ್ಲಿ ಅಮೆರಿಕದ ನೌಕಾಪಡೆಗೆ ತೈಲದ ಹಡಗುಗಳನ್ನೂ ಕಟ್ಟಿಕೊಟ್ಟರು. ಯಾರನ್ನೂ ಕೇಳದೆ ಪ್ರಯೋಗ ಮಾಡುವ ಸ್ವಾತಂತ್ರ್ಯ, ಯಾರಿಗೂ ಉತ್ತರಿಸದೆ ಎಡವುವ ಸ್ವಾತಂತ್ರ್ಯ ಎರಡೂ ಒಂದೇ ಮೂಲದಿಂದ ಬಂದವು.

ಕಾಳಿನಿಂದ ಫೀಡಿಗೆ

ಕಾಳಿನ ವ್ಯಾಪಾರಿ ಸುಗ್ಗಿಗೆ ಕಾಯಬೇಕು. ಹಸು, ಹಂದಿ, ಕೋಳಿಗಳಿಗೆ ಸುಗ್ಗಿಯೆಂಬುದಿಲ್ಲ. ಹೊಟ್ಟೆ ದಿನಾಲೂ ಹಸಿಯುತ್ತದೆ. ಕಣಜದಲ್ಲಿ ಮೆಕ್ಕೆಜೋಳ ಇಟ್ಟುಕೊಂಡವನಿಗೆ ವರ್ಷವಿಡೀ ಗಿರಾಕಿ ಬೇಕಿದ್ದರೆ ಆ ಗಿರಾಕಿ ಕೊಟ್ಟಿಗೆಯಲ್ಲಿದ್ದಾನೆ. 1943ರಲ್ಲಿ ಅಯೋವಾದಲ್ಲಿ ಸೋಯಾ ಗಾಣಗಳನ್ನು ಕೊಂಡ ಕಾರ್ಗಿಲ್, 1945ರಲ್ಲಿ ಕನ್ಸಾಸ್ ಸಿಟಿಯಲ್ಲಿ ಹುಟ್ಟಿದ ನ್ಯೂಟ್ರಿನಾ ಎಂಬ ಪಶು ಆಹಾರದ ಕಂಪನಿಯನ್ನು ತನ್ನದಾಗಿಸಿಕೊಂಡಿತು. ಸೋಯಾ ಹಿಂಡಿದರೆ ಎಣ್ಣೆ ಒಂದು ಭಾಗ, ಹಿಂಡಿ ನಾಲ್ಕು ಭಾಗ. ಎಣ್ಣೆ ಅಡುಗೆಮನೆಗೆ, ಹಿಂಡಿ ಕೊಟ್ಟಿಗೆಗೆ. ಒಂದು ಮನೆಯ ಎರಡು ವ್ಯಾಪಾರ ಒಂದಕ್ಕೊಂದು ಉಣಿಸತೊಡಗಿದವು.

ಪಶು ಆಹಾರವೆಂದರೆ ಅಷ್ಟು ದಿನ ಮನೆಯಲ್ಲಿ ಮಿಕ್ಕಿದ್ದು: ತೌಡು, ಬೂಸಾ, ನುಚ್ಚು, ಮುಸುರೆ. ಅದು ವಿಜ್ಞಾನವಾದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಕಾರ್ಗಿಲ್ ಮನೆ ಬೆಳೆದ ವಿಸ್ಕಾನ್ಸಿನ್ ರಾಜ್ಯದಲ್ಲೇ. 1907ರಿಂದ 1911ರವರೆಗೆ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಕಡಸುಗಳ ಒಂದು ಗುಂಪಿಗೆ ಮೆಕ್ಕೆಜೋಳದ ಗಿಡದಿಂದ ಬಂದದ್ದನ್ನು ಮಾತ್ರ, ಇನ್ನೊಂದಕ್ಕೆ ಗೋಧಿಯದನ್ನು ಮಾತ್ರ, ಮತ್ತೊಂದಕ್ಕೆ ಓಟ್ಸ್‌ನದನ್ನು ಮಾತ್ರ ತಿನ್ನಿಸಿದರು. ರಾಸಾಯನಿಕ ಲೆಕ್ಕದಲ್ಲಿ ಮೂರೂ ಸಮ. ಆದರೂ ಮೆಕ್ಕೆಜೋಳ ತಿಂದವು ಮಿರಿಮಿರಿ ಮಿಂಚಿದವು. ಗೋಧಿ ತಿಂದವು ಸೊರಗಿದವು, ಕರುಗಳು ಬದುಕಲಿಲ್ಲ. ಲೆಕ್ಕಕ್ಕೆ ಸಿಗದ ಏನೋ ಕಾಳಿನಲ್ಲಿದೆ ಎಂಬ ಈ ಹೊಳಹು ಮುಂದೆ ವಿಟಮಿನ್ ಸಂಶೋಧನೆಗೆ ದಾರಿ ತೋರಿತು. ಗ್ರಾಂ ಲೆಕ್ಕದ ವಿಟಮಿನ್, ಖನಿಜಗಳನ್ನು ಬೆರೆಸಿ ಟನ್ನುಗಟ್ಟಲೆ ಫೀಡನ್ನು ಸಮತೋಲಕ್ಕೆ ತರುವ ಉದ್ಯಮ ಅಲ್ಲಿಂದ ಹುಟ್ಟಿತು.

ಎರಡನೆಯ ತಿರುವು ಗಣಿತದ್ದು. 1951ರಲ್ಲಿ ಫ್ರೆಡರಿಕ್ ವಾ ಎಂಬ ಅಮೆರಿಕದ ಕೃಷಿ ಅರ್ಥಶಾಸ್ತ್ರಜ್ಞ, ಹಾಲು ಕೊಡುವ ಹಸುವಿಗೆ ಬೇಕಾದ ಪೋಷಕಾಂಶಗಳನ್ನೆಲ್ಲ ಅತಿ ಕಡಿಮೆ ಖರ್ಚಿನಲ್ಲಿ ಒದಗಿಸುವ ಮಿಶ್ರಣವನ್ನು ಹುಡುಕುವ ಲೆಕ್ಕ ಪ್ರಕಟಿಸಿದ. ಕಂಪ್ಯೂಟರ್ ಬಂದ ಮೇಲೆ ಆ ಲೆಕ್ಕ ಪ್ರತಿ ಫೀಡ್ ಮಿಲ್ಲಿನ ನಿತ್ಯದ ಕೆಲಸವಾಯಿತು. ಮೆಕ್ಕೆಜೋಳ ತುಟ್ಟಿಯಾಯಿತೇ? ಅಕ್ಕಿ ನುಚ್ಚು, ಸಜ್ಜೆ ಸೇರಿಸಿ. ಸೋಯಾ ಹಿಂಡಿ ಏರಿತೇ? ಶೇಂಗಾ ಹಿಂಡಿ, ಹತ್ತಿಕಾಳಿನ ಹಿಂಡಿ, ಸೂರ್ಯಕಾಂತಿ ಹಿಂಡಿ ನೋಡಿ. ಚೀಲದ ಮೇಲಿನ ಪ್ರೋಟೀನ್ ಪ್ರಮಾಣ ಹಾಗೇ ಇರುತ್ತದೆ, ಒಳಗಿನ ಪದಾರ್ಥ ಬದಲಾಗಿರುತ್ತದೆ. ಭಾರತದ ಮಾನಕ ಐಎಸ್ 2052 ಕೂಡ ಮಿಶ್ರ ಪಶು ಆಹಾರದಲ್ಲಿ ಟೈಪ್ 1ಕ್ಕೆ ಕನಿಷ್ಠ ಶೇ 22, ಟೈಪ್ 2ಕ್ಕೆ ಶೇ 20 ಕಚ್ಚಾ ಪ್ರೋಟೀನ್ ಇರಬೇಕು ಎನ್ನುತ್ತದೆಯೇ ಹೊರತು ಅದು ಯಾವ ಹಿಂಡಿಯಿಂದ ಬರಬೇಕೆಂದು ಕಟ್ಟಳೆ ಹಾಕುವುದಿಲ್ಲ. ಈ ತಿಂಗಳ ಫೀಡು ಹಸು ಮೂಸಿ ಬಿಟ್ಟಿತು ಎಂದು ಗೊಣಗುವ ಹಾಲಿನ ಮನೆಯವರ ಅನುಭವಕ್ಕೆ ಒಂದು ಕಾರಣ ಇಲ್ಲಿರಬಹುದು.

ಈ ಲೆಕ್ಕದಲ್ಲಿ ಗೆಲ್ಲುವವರು ಯಾರು? ಹತ್ತು ಬಗೆಯ ಕಾಳು, ಹಿಂಡಿಗಳ ಬೆಲೆ ನಾಳೆ ಎತ್ತ ಹೋಗುತ್ತದೆಂದು ಮೊದಲೇ ಸುಳಿವಿರುವವರು. ಅಂದರೆ ಕಾಳಿನ ವ್ಯಾಪಾರಿಯೇ. ಫೀಡು ಮಾರುವವನಿಗೆ ಇನ್ನೊಂದು ಸುಳಿವೂ ಸಿಗುತ್ತದೆ: ಎಲ್ಲಿ ಎಷ್ಟು ಕೋಳಿಮರಿ ಬಿಟ್ಟಿದ್ದಾರೆ, ಎಷ್ಟು ಹಂದಿ ಬೆಳೆಯುತ್ತಿವೆ. ಆರು ತಿಂಗಳ ಮುಂದಿನ ಮೆಕ್ಕೆಜೋಳದ ಬೇಡಿಕೆ ಇಂದಿನ ಫೀಡಿನ ಬಿಲ್ಲಿನಲ್ಲೇ ಬರೆದಿರುತ್ತದೆ.

ಫೀಡಿನ ವಿಜ್ಞಾನ ಏನು ಮಾಡಿತೆಂಬುದಕ್ಕೆ ಕೋಳಿಗಿಂತ ದೊಡ್ಡ ಸಾಕ್ಷಿ ಬೇಡ. 1925ರಲ್ಲಿ ಅಮೆರಿಕದ ಮಾಂಸದ ಕೋಳಿ 112 ದಿನ ಬೆಳೆದು ಒಂದು ಕಿಲೋಗಿಂತ ತುಸು ಹೆಚ್ಚು ತೂಗುತ್ತಿತ್ತು. ಪ್ರತಿ ಕಿಲೋ ತೂಕಕ್ಕೆ ನಾಲ್ಕೂಮುಕ್ಕಾಲು ಕಿಲೋ ಕಾಳು ಬೇಕಾಗುತ್ತಿತ್ತು. ಇಂದು 47 ದಿನಕ್ಕೆ ಸುಮಾರು ಮೂರು ಕಿಲೋ, ಕಾಳು ಕಿಲೋಗೆ ಎರಡು ಕಿಲೋಗಿಂತಲೂ ಕಡಿಮೆ. ತಳಿ, ಔಷಧ, ಶೆಡ್ಡಿನ ಗಾಳಿ ಬೆಳಕು ಎಲ್ಲದರ ಪಾಲು ಇದರಲ್ಲಿದೆ. ಜೊತೆಗೆ ಒಪ್ಪಂದದ ಸಾಕಣೆಯೂ ಬೆಳೆಯಿತು: ಮರಿ ಕಂಪನಿಯದು, ಫೀಡು ಕಂಪನಿಯದು, ಶೆಡ್ಡು ಮತ್ತು ಅದರ ಸಾಲ ಮಾತ್ರ ಸಾಕುವವನದು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹಬ್ಬಿದ ಆ ಪದ್ಧತಿ ಇಂದು ನಮ್ಮ ಹಳ್ಳಿಗಳ ಕೋಳಿಫಾರಂಗಳಿಗೂ ಬಂದಿದೆ.

ಕಾರ್ಗಿಲ್ ಕೊಟ್ಟಿಗೆಯಲ್ಲೇ ನಿಲ್ಲಲಿಲ್ಲ. ಎಪ್ಪತ್ತರ ದಶಕದಲ್ಲಿ ದನ ಕೊಬ್ಬಿಸುವ ದೊಡ್ಡ ದೊಡ್ಡಿಗಳನ್ನೂ 1979ರಲ್ಲಿ ಗೋಮಾಂಸ ಸಂಸ್ಕರಣೆಯ ಕಂಪನಿಯನ್ನೂ ಕೊಂಡಿತು. ಇಂದು ಅಮೆರಿಕದಲ್ಲಿ ಕಾಳು ತಿನ್ನಿಸಿ ಬೆಳೆಸಿದ ದನಗಳ ಸುಮಾರು ಶೇ 85ರಷ್ಟನ್ನು ನಾಲ್ಕೇ ಕಂಪನಿಗಳು ಕೊಳ್ಳುತ್ತವೆ. ಅವುಗಳಲ್ಲಿ ಇದೂ ಒಂದು. ರೈತನ ಮೆಕ್ಕೆಜೋಳ ಕೊಳ್ಳುವವರು, ಅವನ ದನಕ್ಕೆ ಫೀಡು ಮಾರುವವರು, ಕೊನೆಗೆ ಆ ದನವನ್ನೂ ಕೊಳ್ಳುವವರು ಒಬ್ಬರೇ ಆಗುವ ಸಾಧ್ಯತೆ ಹೀಗೆ ತೆರೆದುಕೊಂಡಿತು.

ಪೇಟೆಗೆ ಇಳಿಯದ ಹಟ

1972ರಲ್ಲಿ ಸೋವಿಯತ್ ಒಕ್ಕೂಟ ಸದ್ದಿಲ್ಲದೆ ಅಮೆರಿಕದ ಕೆಲವು ಧಾನ್ಯ ಕಂಪನಿಗಳಿಂದ ಅಪಾರ ಗೋಧಿ ಖರೀದಿಸಿತು. ಅಮೆರಿಕದ ಜನರಿಗೆ ಗೊತ್ತಾಗುವ ಹೊತ್ತಿಗೆ ಬ್ರೆಡ್ಡಿನ ಬೆಲೆ ಏರಿತ್ತು. ಒಂದು ಕಂಪನಿಗೆ ಇನ್ನೊಂದು ಎಷ್ಟು ಮಾರಿದೆ ಎಂಬುದು ತಿಳಿದಿರಲಿಲ್ಲ. ಒಟ್ಟು ಎಷ್ಟು ಹೋಯಿತೆಂದು ಸರ್ಕಾರಕ್ಕೂ ತಿಳಿದಿರಲಿಲ್ಲ. ತನಗೆ ಆ ವ್ಯಾಪಾರದಲ್ಲಿ ನಷ್ಟವೇ ಆಯಿತೆಂದು ಕಾರ್ಗಿಲ್ ಲೆಕ್ಕ ತೋರಿಸಿತು. ಆ ಬಳಿಕ ಅಮೆರಿಕ ಹೊಸ ನಿಯಮ ತಂದಿತು: ದೊಡ್ಡ ಪ್ರಮಾಣದ ರಫ್ತು ಮಾರಾಟವನ್ನು ಕೃಷಿ ಇಲಾಖೆಗೆ ತಕ್ಷಣ ವರದಿ ಮಾಡಬೇಕು. ಮನೆಯ ಒಳಲೆಕ್ಕ ಕೇಳದೆಯೂ ಸಾರ್ವಜನಿಕರಿಗೆ ಬೇಕಾದ ಲೆಕ್ಕವನ್ನು ಪಡೆಯಬಹುದು ಎಂಬುದಕ್ಕೆ ಆ ನಿಯಮ ಒಳ್ಳೆಯ ಮಾದರಿ.

ಕುಟುಂಬದವರೇ ಆದ ಕೊನೆಯ ಮುಖ್ಯಸ್ಥ ವಿಟ್ನಿ ಮ್ಯಾಕ್‌ಮಿಲನ್ 1995ರಲ್ಲಿ ಇಳಿದರು. ಆಡಳಿತ ಸಂಬಳದವರ ಕೈಗೆ ಹೋಯಿತು, ಒಡೆತನ ಹೋಗಲಿಲ್ಲ. ಅದು ಹೋಗುವ ಸಂದರ್ಭ ಬಂದದ್ದು ಸಾವಿನಿಂದಲೇ. ಸ್ಥಾಪಕರ ಮೊಮ್ಮಗಳು ಮಾರ್ಗರೆಟ್ ಕಾರ್ಗಿಲ್ 2006ರಲ್ಲಿ ತೀರಿಕೊಂಡಾಗ ತಮ್ಮ ದೊಡ್ಡ ಪಾಲನ್ನು ದಾನದತ್ತಿಗಳಿಗೆ ಬಿಟ್ಟುಹೋಗಿದ್ದರು. ದತ್ತಿಗೆ ಬೇಕಾದದ್ದು ನಗದು, ಮಾರಲಾಗದ ಷೇರಲ್ಲ. ಇಡೀ ಸಂಸ್ಥೆಯನ್ನು ಷೇರುಪೇಟೆಗೆ ಒಯ್ಯುವುದು ಸುಲಭದ ದಾರಿಯಾಗಿತ್ತು. ಅದರ ಬದಲು 2011ರಲ್ಲಿ ಮೊಸಾಯಿಕ್ ಎಂಬ ರಸಗೊಬ್ಬರ ಕಂಪನಿಯಲ್ಲಿ ತನಗಿದ್ದ ಶೇ 64ರ ಪಾಲನ್ನು, ಅಂದಿನ ಬೆಲೆಯಲ್ಲಿ ಸುಮಾರು 24 ಶತಕೋಟಿ ಡಾಲರ್, ಕಾರ್ಗಿಲ್ ಬಿಟ್ಟುಕೊಟ್ಟಿತು. ಪೇಟೆಯ ಕಣ್ಣಿಗೆ ಬೀಳದೆ ಇರಲು ಕುಟುಂಬ ತೆತ್ತ ಬೆಲೆ ಅದು.

ಆ ಬೆಲೆಗೆ ಪ್ರತಿಫಲ ತಾಳ್ಮೆ. ಮೂರು ತಿಂಗಳಿಗೊಮ್ಮೆ ಷೇರುದಾರರ ಮುಖ ನೋಡಬೇಕಿಲ್ಲದವರು ಹತ್ತಿಪ್ಪತ್ತು ವರ್ಷ ಕಾಯಬಲ್ಲರು. ಅದೇ 2011ರಲ್ಲಿ ಪ್ರೊವಿಮಿ ಎಂಬ ಯುರೋಪಿನ ಫೀಡ್ ಕಂಪನಿಯನ್ನು 150 ಕೋಟಿ ಯೂರೊಗೆ, 2015ರಲ್ಲಿ ಸಾಲ್ಮನ್ ಮೀನಿನ ಫೀಡು ತಯಾರಿಸುವ ಈವೋಸ್ ಅನ್ನು 135 ಕೋಟಿ ಯೂರೊಗೆ ಕೊಂಡರು. ಹೊರಗಿನ ಕಣ್ಣಿಲ್ಲದಿರುವುದರ ಇನ್ನೊಂದು ಮುಖ ಬ್ರೆಜಿಲ್‌ನಲ್ಲಿ ಕಂಡಿತು. ಅಮೆಜಾನ್ ದಡದ ಸಾಂತಾರೆಂ ಎಂಬಲ್ಲಿ 2003ರಲ್ಲಿ ಕಾರ್ಗಿಲ್ ತೆರೆದ ಬಂದರಿನಿಂದ ಯುರೋಪಿನ ಕೋಳಿಗಳಿಗೆ ಸೋಯಾ ಹೋಗುತ್ತಿತ್ತು. ಆ ಸೋಯಾಕ್ಕಾಗಿ ಕಾಡು ಬೀಳುತ್ತಿದೆ ಎಂದು 2006ರಲ್ಲಿ ಗ್ರೀನ್‌ಪೀಸ್ ಬಯಲಿಗೆಳೆಯಿತು. ಕೋಳಿ ಕೊಳ್ಳುವ ದೊಡ್ಡ ಗಿರಾಕಿಗಳು ಮುಖ ತಿರುಗಿಸಿದರು. ಕೆಲವೇ ತಿಂಗಳಲ್ಲಿ, ಹೊಸದಾಗಿ ಕಾಡು ಕಡಿದ ನೆಲದ ಸೋಯಾ ಕೊಳ್ಳುವುದಿಲ್ಲವೆಂಬ ಒಪ್ಪಂದಕ್ಕೆ ಕಾರ್ಗಿಲ್ ಸೇರಿದಂತೆ ವ್ಯಾಪಾರಿಗಳು ಸಹಿ ಹಾಕಿದರು.

ಬೆಂಗಳೂರು, ಬಳ್ಳಾರಿ, ದಾವಣಗೆರೆ

ಕರ್ನಾಟಕಕ್ಕೆ ಕಾರ್ಗಿಲ್ ಬಂದದ್ದು ಕಾಳು ಕೊಳ್ಳಲು ಅಲ್ಲ, ಬೀಜ ಮಾರಲು. ಎಂಬತ್ತರ ದಶಕದ ಕೊನೆಯಲ್ಲಿ ಭಾರತ ಬೀಜದ ಬಾಗಿಲನ್ನು ವಿದೇಶಿ ಕಂಪನಿಗಳಿಗೆ ತೆರೆಯಿತು. ಸೂರ್ಯಕಾಂತಿ, ಮೆಕ್ಕೆಜೋಳದ ಹೈಬ್ರಿಡ್ ಬೀಜಗಳೊಂದಿಗೆ ಕಾರ್ಗಿಲ್ ಸೀಡ್ಸ್ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಅದೇ ಕಾಲಕ್ಕೆ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದಕ್ಕೆ ಸಿದ್ಧವಾದ ಡಂಕೆಲ್ ಕರಡಿನ ಚರ್ಚೆ ಕಾವೇರಿತ್ತು: ಬೀಜದ ಮೇಲೆ ಪೇಟೆಂಟ್ ಬಂದರೆ ಉಳಿಸಿಕೊಂಡ ಬೀಜ ಬಿತ್ತುವ ರೈತನ ಹಕ್ಕು ಏನಾಗುತ್ತದೆ? ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರಾಜ್ಯ ರೈತ ಸಂಘದ ಕಾರ್ಯಕರ್ತರು 1992ರ ಡಿಸೆಂಬರ್ 29ರಂದು ಬೆಂಗಳೂರಿನ ಆ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಹೊರಗೆಸೆದು ಬೆಂಕಿ ಇಟ್ಟರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಕಟ್ಟುತ್ತಿದ್ದ ಬೀಜ ಸಂಸ್ಕರಣಾ ಘಟಕವನ್ನು ಕೆಡವಿದರು. ಗುಜರಾತಿನ ಕಾಂಡ್ಲಾದಲ್ಲಿ ಉಪ್ಪು ತಯಾರಿಸುವ ಇದೇ ಕಂಪನಿಯ ಯೋಜನೆಯೂ ಅದೇ ವರ್ಷ ವಿರೋಧಕ್ಕೆ ಸಿಕ್ಕಿ ಕೈಬಿಟ್ಟುಹೋಯಿತು.

ಆಸ್ತಿ ಧ್ವಂಸ ಸರಿಯೇ ಎಂಬ ವಾದ ಆಗಲೂ ಇತ್ತು, ಈಗಲೂ ಇದೆ. ಆದರೆ ರೈತರು ಎತ್ತಿದ ಪ್ರಶ್ನೆ ನ್ಯಾಯವಾದದ್ದು: ನಮ್ಮ ಹೊಲದ ನಿರ್ಧಾರ ತೆಗೆದುಕೊಳ್ಳುವವರು ನಮಗೆ ಯಾವ ಬಗೆಯಲ್ಲಿ ಉತ್ತರದಾಯಿಗಳು? ಸರ್ಕಾರ ತಪ್ಪಿದರೆ ಮತವಿದೆ, ಷೇರುಪೇಟೆಯ ಕಂಪನಿಯಾದರೆ ವಾರ್ಷಿಕ ವರದಿಯಿದೆ. ಏಳು ಕಡಲಾಚೆಯ ಕುಟುಂಬವೊಂದನ್ನು ಕೇಳುವುದು ಹೇಗೆ?

1998ರಲ್ಲಿ ಕಾರ್ಗಿಲ್ ತನ್ನ ಅಂತರರಾಷ್ಟ್ರೀಯ ಬೀಜ ವ್ಯಾಪಾರವನ್ನು 140 ಕೋಟಿ ಡಾಲರಿಗೆ ಮೊನ್ಸಾಂಟೊಗೆ ಮಾರಿತು. ಅದೇ ವರ್ಷ ರೈತ ಸಂಘದ ಸಿಟ್ಟು ಮೊನ್ಸಾಂಟೊದ ಹತ್ತಿ ಪ್ರಯೋಗದ ಹೊಲಗಳತ್ತ ತಿರುಗಿತು. ಕಾರ್ಗಿಲ್ ಹೆಸರು ಭಿತ್ತಿಪತ್ರಗಳಿಂದ ಮರೆಯಾಯಿತು, ಕಂಪನಿ ಮರೆಯಾಗಲಿಲ್ಲ. ಸ್ವೀಕಾರ್, ಜೆಮಿನಿಯಂಥ ಪರಿಚಿತ ಎಣ್ಣೆಯ ಹೆಸರುಗಳನ್ನು ಕೊಂಡಿತು. ಪ್ರೊವಿಮಿಯ ಮೂಲಕ ಬೆಂಗಳೂರಿನಿಂದ ಕೋಳಿ, ಹಸುಗಳ ಫೀಡಿಗೆ ಬೇಕಾದ ವಿಟಮಿನ್, ಖನಿಜಗಳ ಪ್ರೀಮಿಕ್ಸ್ ಮಾರುತ್ತದೆ. ಕಳೆದ ದಶಕದಲ್ಲಿ ದಾವಣಗೆರೆ ಜಿಲ್ಲೆಯಲ್ಲಿ ಮೆಕ್ಕೆಜೋಳ ಸಂಸ್ಕರಿಸುವ ದೊಡ್ಡ ಕಾರ್ಖಾನೆಯನ್ನೇ ಕಟ್ಟಿತು. ಅಲ್ಲಿ ಕಾಳನ್ನು ನೆನೆಸಿ ಅರೆದು ಪಿಷ್ಟ ಬೇರ್ಪಡಿಸುತ್ತಾರೆ. ಪಿಷ್ಟ ಬಿಸ್ಕತ್ತು, ಔಷಧ, ಕಾಗದದ ಉದ್ಯಮಗಳಿಗೆ ಹೋಗುತ್ತದೆ. ಇಂಥ ಕಾರ್ಖಾನೆಗಳಲ್ಲಿ ಉಳಿಯುವ ಸಿಪ್ಪೆ, ಗ್ಲುಟೆನ್ ಮತ್ತೆ ಸೇರುವುದು ಪಶು ಆಹಾರವನ್ನೇ.

ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಯ ಸುತ್ತ ಇಂದು ಮಳೆಗಾಲದಲ್ಲಿ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ. ಅದಕ್ಕೆ ಮೂವರು ದೊಡ್ಡ ಗಿರಾಕಿಗಳು: ಕೋಳಿ ಫೀಡಿನ ಮಿಲ್ಲುಗಳು, ಪಿಷ್ಟದ ಕಾರ್ಖಾನೆಗಳು, ಈಚೆಗೆ ಎಥೆನಾಲ್ ಘಟಕಗಳು. ಗಿರಾಕಿಗಳು ಹೆಚ್ಚಿದರೆ ಬೆಲೆ ಹೆಚ್ಚಬೇಕು. ಆದರೆ 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಎಂದು ಗೊತ್ತಿದ್ದೂ, ಕಟಾವಿನ ದಿನಗಳಲ್ಲಿ ಅಷ್ಟು ಸಿಗದೆ ರೈತರು ರಸ್ತೆಗೆ ಇಳಿದಿದ್ದಾರೆ. ಕೊಳ್ಳುವವರಿಗೆ ಪೇಟೆಯ ಪೂರ್ತಿ ಚಿತ್ರ ಗೊತ್ತು, ಮಾರುವವರಿಗೆ ತಮ್ಮ ಗಾಡಿಯಲ್ಲಿರುವ ತೂಕ ಮಾತ್ರ ಗೊತ್ತು.

ಒಂದು ಚೀಲ, ಎರಡು ಯಜಮಾನಿಕೆ

ಕುಟುಂಬದ ಒಡೆತನಕ್ಕೆ ಪರ್ಯಾಯವೇನು ಎಂಬುದಕ್ಕೆ ಫೀಡಿನ ಇತಿಹಾಸದಲ್ಲೇ ಒಂದು ಸ್ವಾರಸ್ಯವಿದೆ. 1894ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಶುರುವಾದ ಪುರಿನಾ, ಚೌಕುಳಿ ಗುರುತಿನ ಚೀಲಕ್ಕೆ ಹೆಸರಾದ ಫೀಡು. 2001ರಲ್ಲಿ ಅದರ ಮೂರು ತುಂಡುಗಳು ಮೂರು ಕಡೆಗೆ ಸೇರಿದವು. ನಾಯಿ ಬೆಕ್ಕುಗಳ ಆಹಾರ ನೆಸ್ಲೆಗೆ, ಅಮೆರಿಕದ ಹೊರಗಿನ ಪಶು ಆಹಾರ ಕಾರ್ಗಿಲ್‌ಗೆ, ಅಮೆರಿಕದೊಳಗಿನ ಪಶು ಆಹಾರ ಲ್ಯಾಂಡ್ ಓ ಲೇಕ್ಸ್‌ಗೆ. ಈ ಲ್ಯಾಂಡ್ ಓ ಲೇಕ್ಸ್ ಕೂಡ ಮಿನ್ನೆಸೋಟದ್ದೇ, ಆದರೆ 1921ರಲ್ಲಿ ಬೆಣ್ಣೆ ಮಾಡುವ ರೈತರು ಕಟ್ಟಿದ ಸಹಕಾರ ಸಂಘ. ಒಂದೇ ರಾಜ್ಯ, ಒಂದೇ ಹೆಸರಿನ ಚೀಲ. ಒಂದರ ಲಾಭ ಒಂದು ಕುಟುಂಬಕ್ಕೆ, ಇನ್ನೊಂದರದು ಸದಸ್ಯ ರೈತರಿಗೆ.

ನಮ್ಮಲ್ಲಿ ಎರಡನೆಯ ಮಾದರಿ ಹಳೆಯ ಪರಿಚಯ. 1974ರಲ್ಲಿ ಡೇರಿ ಅಭಿವೃದ್ಧಿ ನಿಗಮವಾಗಿ ಹುಟ್ಟಿ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾದ ಕೆಎಂಎಫ್‌ಗೆ ರಾಜಾನುಕುಂಟೆ, ಗುಬ್ಬಿ, ಧಾರವಾಡ, ಹಾಸನದಲ್ಲಿ ತನ್ನದೇ ಪಶು ಆಹಾರ ಘಟಕಗಳಿವೆ. ನಂದಿನಿ ಫೀಡಿನ ಬೆಲೆ ಏರಿದಾಗ ಹಾಲು ಹಾಕುವ ಹೆಣ್ಣುಮಗಳು ಸಂಘದ ಕಾರ್ಯದರ್ಶಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ, ವಾರ್ಷಿಕ ಸಭೆಯಲ್ಲಿ ಗದ್ದಲವಾಗುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಸಹಕಾರ ವ್ಯವಸ್ಥೆಯಲ್ಲಿ ರಾಜಕೀಯವಿದೆ, ತೀರ್ಮಾನ ನಿಧಾನ, ಚುನಾವಣೆಗೊಂದು ಗುಂಪುಗಾರಿಕೆ. ಇಪ್ಪತ್ತು ವರ್ಷ ಕಾಯುವ ಹೂಡಿಕೆ ಅಲ್ಲಿ ಕಷ್ಟ. ಆದರೆ ಪ್ರಶ್ನೆ ಕೇಳಲು ಒಂದು ಸಭೆಯಿದೆ, ಉತ್ತರಿಸಲೇಬೇಕಾದ ಒಬ್ಬ ಅಧ್ಯಕ್ಷನಿದ್ದಾನೆ.

ಕಾರ್ಗಿಲ್ ಮನೆಯನ್ನು ದೂರುವುದಕ್ಕಾಗಿ ಈ ಹೋಲಿಕೆಯಲ್ಲ. ಒಂದೂವರೆ ಶತಮಾನ ಪಾಲಾಗದೆ, ಬೀಗದೆ, ಗಳಿಸಿದ್ದನ್ನು ಮತ್ತೆ ಕಸುಬಿಗೇ ಹಾಕಿ ನಿಂತ ಮನೆತನದಿಂದ ನಮ್ಮ ಮಂಡಿಗಳು ಕಲಿಯಬೇಕಾದ್ದಿದೆ. ನಮ್ಮ ಸರ್ಕಾರಗಳು ಕಲಿಯಬೇಕಾದ್ದು ಅಮೆರಿಕದ 1972ರ ಪಾಠ. ಗೋಧಿಯ ವ್ಯಾಪಾರಿಗಳು ದಾಸ್ತಾನನ್ನು ವಾರವಾರ ಘೋಷಿಸಬೇಕೆಂದು ಕೇಂದ್ರ ಸರ್ಕಾರ ಈಗಾಗಲೇ ನಿಯಮ ಮಾಡಿದ ಉದಾಹರಣೆ ಇದೆ. ಅದರ ಉದ್ದೇಶ ಗೋಧಿ ತಿನ್ನುವವರನ್ನು ಬೆಲೆ ಏರಿಕೆಯಿಂದ ಕಾಯುವುದು. ಮೆಕ್ಕೆಜೋಳ ಬೆಳೆಯುವವರಿಗೂ ಅಂಥ ಮಾಹಿತಿ ಸಿಗಲಿ: ಯಾವ ಗೋದಾಮಿನಲ್ಲಿ ಎಷ್ಟಿದೆ, ಫೀಡ್ ಮಿಲ್ಲುಗಳು ಎಷ್ಟು ಕೊಂಡಿವೆ, ಎಥೆನಾಲ್‌ಗೆ ಎಷ್ಟು ಹೋಗಿದೆ ಎಂಬುದು ಎಪಿಎಂಸಿ ಅಂಗಳದ ಫಲಕದಲ್ಲಿ, ರೈತನ ಮೊಬೈಲಿನಲ್ಲಿ ಕನ್ನಡದಲ್ಲಿ ಕಾಣಲಿ. ಕುಟುಂಬದ ಲಾಭ ನಷ್ಟದ ಲೆಕ್ಕ ಕುಟುಂಬದಲ್ಲೇ ಇರಲಿ, ಅದು ಅವರ ಮನೆಯ ವಿಷಯ. ಊರ ಕಾಳು ಯಾರ ಕಣಜದಲ್ಲಿ ಎಷ್ಟು ಕೂತಿದೆ ಎಂಬುದು ಊರಿನ ವಿಷಯ.